ಕೊಯಮತ್ತೂರಿನ ನೀರು ಉಪ್ಪು ಎಂದದ್ದು

ಕೊಯಮತ್ತೂರಿನ ನೀರು ಉಪ್ಪು ಎಂದು ನಾನು ಒಮ್ಮೆ ನಮ್ಮ ಮನೆಯ ಜಗಲಿಯ ಮೇಲೆ ಕೂತು, ಅಪ್ಪ, ಅಮ್ಮ, ಸೋದರಮಾವ, ತಂಗಿ ನಾಲ್ವರ ಎದುರಿಗೆ, ಗಂಭೀರವಾದ ಮುಖ ಮಾಡಿಕೊಂಡು ಹೇಳಿದ್ದೆ. ಆ ಊರಿನ ನೀರು ಕುಡಿದವರಿಗೆ ಇದು ಎಂಥ ಸುಳ್ಳು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಟ್ಟದಿಂದ ಇಳಿದು ಬರುವ ಆ ನೀರಿನ ರುಚಿಗೆ ಇಡೀ ತಮಿಳುನಾಡಿನಲ್ಲಿ ಹೆಸರಿದೆ. ಸುಳ್ಳು ಹೇಳುವವನು ಸ್ವಲ್ಪ ವಿಚಾರಿಸಿಕೊಂಡು ಹೇಳಬೇಕಿತ್ತು. ನನಗೆ ಅಷ್ಟೂ ತಾಳ್ಮೆ ಇರಲಿಲ್ಲ.

ಆ ಸುಳ್ಳನ್ನು ಯಾಕೆ ಹೇಳಿದೆ ಎಂಬುದನ್ನು ಮನೆಯವರು ಒಂದು ರೀತಿಯಲ್ಲಿ ಅರ್ಥಮಾಡಿಕೊಂಡರು. ನಿಜ ಬೇರೆ ಇತ್ತು. ಈಗ ವಯಸ್ಸಾಯಿತು, ಆ ನಿಜವನ್ನು ಬರೆದುಬಿಡುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮದು ತಮಿಳುನಾಡಿನ ಅಂಚಿನ ಹೊಸೂರಿನ ಹಳೇ ಪೇಟೆಯ ಮನೆ. ಅಪ್ಪ ಶಾಲೆಯಲ್ಲಿ ಮೇಷ್ಟ್ರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ಮೂಕಂಡಪಲ್ಲಿಯ ಕಡೆ ಹೊಸದಾಗಿ ಎದ್ದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿ ಸೇರಿದ್ದೆ. ಹೊರಗಿನಿಂದ ಬಂದ ಕಾಗದಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಎಲ್ಲವೂ ಇಂಗ್ಲಿಷಿನಲ್ಲಿ. ಟೈಪ್ ಮಾಡುವುದರಲ್ಲಿ ನನ್ನ ಬೆರಳು ಕುದುರೆಯ ಹಾಗೆ ಓಡುತ್ತಿತ್ತು, ಆದರೆ ಏನು ಟೈಪ್ ಮಾಡಬೇಕು ಎಂಬುದು ತಲೆಗೆ ಹೊಳೆಯುತ್ತಿರಲಿಲ್ಲ. ಕನ್ನಡ ಶಾಲೆಯಲ್ಲಿ ಓದಿದವನು. ಬೀದಿಯಲ್ಲಿ ತಮಿಳು, ತೆಲುಗು ಎರಡನ್ನೂ ಸಲೀಸಾಗಿ ಆಡುತ್ತಿದ್ದೆ. ಇಂಗ್ಲಿಷ್ ಮಾತ್ರ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಅವಳೂ ಅದೇ ಶಾಲೆ, ಅದೇ ಮೇಷ್ಟ್ರುಗಳು. ಆದರೂ ಅವಳಿಗೆ ಇಂಗ್ಲಿಷ್ ಒಲಿದಿತ್ತು. ನಾನು ಸಂಜೆ ಕಾಗದಗಳನ್ನು ಊಟದ ಚೀಲದಲ್ಲಿ ಮಡಿಚಿ ಮನೆಗೆ ತರುತ್ತಿದ್ದೆ. ಅವಳು ಅಡುಗೆಮನೆಯ ಹೊಸಿಲ ಮೇಲೆ ಕೂತು, ಸೊಪ್ಪು ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ, ಉತ್ತರವನ್ನು ಬಾಯಲ್ಲೇ ಹೇಳುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ಹೋಗಿ ಟೈಪ್ ಮಾಡಿ ಮ್ಯಾನೇಜರ್ ಮುಂದೆ ಇಡುತ್ತಿದ್ದೆ. ಮೈಸೂರು ಕಡೆಯವರಾದ ಆ ಮ್ಯಾನೇಜರ್, "ಪರವಾಗಿಲ್ಲ ಕಣ್ರೀ, ಎಸ್ಸೆಸ್ಸೆಲ್ಸಿ ಓದಿ ಇಷ್ಟು ಚೆನ್ನಾಗಿ ಬರೀತೀರಲ್ಲ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಅದು ವಿನಯ ಎಂದು ಅವರು ತಿಳಿದಿರಬೇಕು.

ತಂಗಿ ಪ್ಲಸ್ ಟೂ ಮುಗಿಸಿದಳು. ಒಳ್ಳೆಯ ಅಂಕ ಬಂತು. ಊರಿನಲ್ಲಿ ಎಲ್ಲರೂ ಡಾಕ್ಟರು, ಇಲ್ಲದಿದ್ದರೆ ಬ್ಯಾಂಕು ಎನ್ನುತ್ತಿದ್ದಾಗ ಇವಳು ತನಗೆ ಕೃಷಿ ಇಂಜಿನಿಯರಿಂಗ್ ಬೇಕು ಎಂದಳು. ಅಂಥದೊಂದು ಓದಿದೆ ಎಂದು ನಮ್ಮಲ್ಲಿ ಅಪ್ಪನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಇದಕ್ಕೆ ಕಾರಣ ಕೆಲಮಂಗಲದ ಸೋದರಮಾವನ ತೋಟದ ಪಂಪು. ತಂಗಿ ಒಂಬತ್ತನೇ ತರಗತಿಯಲ್ಲಿದ್ದಾಗ, ಟೊಮೇಟೊ ಗಿಡಗಳು ಬಾಡುತ್ತಿರುವ ಹೊತ್ತಿಗೇ ಆ ಪಂಪು ನೀರೆತ್ತುವುದನ್ನು ನಿಲ್ಲಿಸಿತು. ಮೆಕ್ಯಾನಿಕ್ ಬಂದು ಎರಡು ಸಲ ಇಂಜಿನ್ ಬಿಚ್ಚಿ ಎರಡು ಸಲ ಜೋಡಿಸಿದ. ರಜೆಗೆಂದು ಅಲ್ಲಿಗೆ ಹೋಗಿದ್ದ ಇವಳು ಬಾವಿಯ ಕಟ್ಟೆಯ ಮೇಲೆ ಕೂತು ಬೆಳಗಿನಿಂದ ನೋಡುತ್ತಿದ್ದವಳು, "ಮಾವ, ಪೈಪಿಗೆ ಹುಯ್ದ ನೀರು ಒಳಗೇ ನಿಲ್ತಾ ಇಲ್ಲ. ಕೆಳಗಿನ ವಾಲ್ವಲ್ಲಿ ಸೋರ್ತದೆ" ಎಂದಳಂತೆ. ಮೆಕ್ಯಾನಿಕ್ ನಕ್ಕ. ಪೈಪನ್ನು ಮೇಲೆತ್ತಿ ನೋಡಿದರೆ ಬುಡದ ವಾಲ್ವಿನ ಚರ್ಮದ ಬಿಲ್ಲೆ ಹರಿದು ಎರಡಾಗಿತ್ತು. ಅಂದಿನಿಂದ ಮಾವನ ಬಾಯಲ್ಲಿ ಅವಳು ಇಂಜಿನಿಯರಮ್ಮ.

ಆದರೆ ಅವಳು ನಿಜವಾಗಿಯೂ ಅದನ್ನೇ ಓದುತ್ತೇನೆ ಎಂದಾಗ ನಕ್ಕವರಲ್ಲಿ ಮಾವನೇ ಮೊದಲಿಗ.

"ಅಲ್ಲ ಕಣಮ್ಮಿ, ನೇಗಿಲು ಹಿಡಿಯಕ್ಕೆ ನಾಲ್ಕು ವರ್ಸ ಓದ್ಬೇಕಾ? ನಾನು ನಾಲ್ಕು ದಿನದಲ್ಲಿ ಕಲ್ತೆ."

"ಅದಕ್ಕೇ ಮಾವ, ನೀನು ಹೊಡ್ದ ಸಾಲು ಹಾವು ಹರ್ದಂಗಿರೋದು" ಎಂದಳು ತಂಗಿ.

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪ ಮಾತ್ರ, "ಓದಲಿ. ಎಲ್ಲಿ ಓದ್ಬೇಕು ಅನ್ನೋದನ್ನ ಮೊದಲು ನೋಡಣ" ಎಂದರು.

ವಿಚಾರಿಸಿದಾಗ ಎರಡು ಜಾಗ ಸಿಕ್ಕವು. ಒಂದು ಕೊಯಮತ್ತೂರು. ಬಸ್ಸಿನಲ್ಲಿ ಒಂದು ಹಗಲೆಲ್ಲ ಹಿಡಿಯುವ ದಾರಿ, ಹಾಸ್ಟೆಲ್‌ನಲ್ಲೇ ಇರಬೇಕು. ಇನ್ನೊಂದು ಬೆಂಗಳೂರು. ಅಲ್ಲಿಯ ಒಂದು ಕಾಲೇಜಿನಲ್ಲಿ ಈ ಓದನ್ನು ಹೊಸದಾಗಿ ತೆರೆದಿದ್ದರು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಎರಡಕ್ಕೂ ಅರ್ಜಿ ಹಾಕಿದೆವು. ಎರಡೂ ಕಡೆಯಿಂದ ಸಂದರ್ಶನಕ್ಕೆ ಕಾರ್ಡು ಬಂತು. ಕೊಯಮತ್ತೂರಿನದು ಮೊದಲು, ಬೆಂಗಳೂರಿನದು ಅದರ ಮುಂದಿನ ವಾರ.

ನಮ್ಮ ಮನೆತನದಲ್ಲಿ ಹೆಣ್ಣು ಕೊಡುವ ಮೊದಲು ಮನೆಯ ಗಂಡಸೊಬ್ಬ ಹೋಗಿ ಗಂಡಿನ ಮನೆಯನ್ನು ನೋಡಿಕೊಂಡು ಬರಬೇಕು. ಬಾವಿಯ ನೀರು ಕುಡಿದು ನೋಡಬೇಕು, ಅಡುಗೆಮನೆಗೆ ಇಣುಕಬೇಕು, ಪಕ್ಕದ ಮನೆಯವರನ್ನು ಮಾತಾಡಿಸಬೇಕು. ಅವನು ಬಂದು ಹೇಳಿದ್ದೇ ಕೊನೆ. ಕಾಲೇಜಿಗೂ ಅಮ್ಮ ಇದೇ ಪದ್ಧತಿ ಹಿಡಿದಳು. ಅಪ್ಪನಿಗೆ ರಜೆ ಸಿಗಲಿಲ್ಲ. ನನ್ನನ್ನು ಕಳಿಸಿದರು.

"ಮೊದ್ಲು ನೀರು ಕುಡಿ" ಎಂದಳು ಅಮ್ಮ. "ನೀರು ಚೆನ್ನಾಗಿದ್ರೆ ಮಿಕ್ಕಿದ್ದೆಲ್ಲ ಚೆನ್ನಾಗಿರ್ತದೆ. ಆಮೇಲೆ ಹೆಣ್ಮಕ್ಳು ಎಷ್ಟು ಜನ ಅವ್ರೆ ಎಣ್ಸು."

ಹೋದೆ. ಮೊದಲು ನೀರು ಕುಡಿದೆ. ಎರಡನೇ ಲೋಟವನ್ನು ಬಾಯಾರಿಕೆಯಿಲ್ಲದೆ ಬರೀ ರುಚಿಗೆ ಕುಡಿದೆ. ಹಾಸ್ಟೆಲ್‌ನ ವಾರ್ಡನ್, ನೆರೆತ ಕೂದಲಿನ ಹೆಂಗಸು, "ವಾಂಗ ತಂಬಿ" ಎಂದು ಕರೆದು ಕೂರಿಸಿ ಮೊಸರನ್ನ ಬಡಿಸಿದರು. ಕಾಲೇಜಿನ ಹಿಂದೆ ಕಣ್ಣಿಗೆ ಕಾಣುವಷ್ಟು ದೂರ ಹೊಲ. ಅಲ್ಲಿ ದಾವಣಿ ತೊಟ್ಟ ಹುಡುಗಿಯೊಬ್ಬಳು ಟ್ರಾಕ್ಟರ್ ಮೇಲೆ ಕೂತು ಸಾಲು ಹೊಡೆಯುತ್ತಿದ್ದಳು. ಸಾಲು ನೂಲು ಹಿಡಿದಂತಿತ್ತು. ಮಾವನನ್ನು ಕರೆದು ತೋರಿಸಬೇಕು ಎನಿಸಿತು. ಈ ಜಾಗ ನಮ್ಮ ಹುಡುಗಿಗಾಗಿಯೇ ಕಟ್ಟಿದ ಹಾಗಿದೆ ಎಂದುಕೊಂಡೆ.

ಬಸ್‌ಸ್ಟ್ಯಾಂಡಿಗೆ ಬರುವವರೆಗೂ ಆ ಸಂತೋಷ ಇತ್ತು. ಟಿಕೆಟ್ಟು ತೆಗೆದು ಸೀಟಿನಲ್ಲಿ ಕೂತಾಗ ತೊಡೆಯ ಮೇಲಿನ ಚೀಲದಲ್ಲಿ ಏನೋ ಸರಬರ ಎಂದಿತು. ಉತ್ತರ ಬರೆಯಬೇಕಾದ ಮೂರು ಕಾಗದ. ಇವಳು ಇಲ್ಲಿಗೆ ಬಂದುಬಿಟ್ಟರೆ ಇವನ್ನು ಯಾರು ಬರೆಯುತ್ತಾರೆ? ಒಂದೇ ವಾರದಲ್ಲಿ ನನ್ನ ಬಂಡವಾಳ ಹೊರಗೆ ಬೀಳುತ್ತದೆ. ಕೆಲಸವೂ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ಮ್ಯಾನೇಜರ್ ಹೊಗಳಿದ್ದನ್ನು ಮನೆಯಲ್ಲಿ, ಪೇಟೆಯಲ್ಲಿ, ಕ್ಷೌರದಂಗಡಿಯಲ್ಲಿ ಹೇಳಿಕೊಂಡು ತಿರುಗಿದ್ದೆನಲ್ಲ, ಆ ಮುಖ ಎಲ್ಲಿಡುವುದು?

ಸುಳ್ಳನ್ನು ದಾರಿಯುದ್ದಕ್ಕೂ ಕಟ್ಟಿದೆ. ಸೇಲಂ ದಾಟುವಾಗ ನೀರನ್ನು ಉಪ್ಪು ಮಾಡಿದೆ. ಧರ್ಮಪುರಿಯಲ್ಲಿ ಬಸ್ಸು ಟೀಗೆ ನಿಂತಾಗ ಅನ್ನ ಅರೆಬೆಂದಿತು. ಕೃಷ್ಣಗಿರಿಯ ಬಂಡೆ ಕಾಣುವ ಹೊತ್ತಿಗೆ ಕಾಲೇಜಿನಲ್ಲಿ ಒಬ್ಬಳೂ ಹುಡುಗಿ ಇರಲಿಲ್ಲ.

ಮರುದಿನ ಜಗಲಿಯ ಮೇಲೆ ಒಪ್ಪಿಸಿದೆ. ಮಾವನಿಗೆ ಮಾತ್ರ ನೀರಿನ ವಿಷಯ ಗಂಟಲಲ್ಲಿ ಇಳಿಯಲಿಲ್ಲ.

"ಉಪ್ಪಾ? ನಮ್ಮ ತರಕಾರಿ ತಕಂಡೋಗಕ್ಕೆ ಬರೋ ಕೊಯಮತ್ತೂರು ಯಾಪಾರಿ, ನಮ್ಮೂರ್ ನೀರು ಎಳನೀರು ಅಂತ ಬಾಯಿ ಚಪ್ಪರಿಸ್ತಾನಲ್ಲಾ?"

"ಊರೊಳಗೆ ಸಿಹಿ ಮಾವ. ಕಾಲೇಜಿರೋದು ಊರಾಚೆ. ಅಲ್ಲಿ ಬೋರ್ ನೀರು" ಎಂದೆ.

"ಊರಾಚೆಗೋದ್ರೆ ಸಮುದ್ರ ಬತ್ತದಾ?"

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಸರಿ, ಹತ್ರಾನೇ ಇರ್ಲಿ" ಎಂದು ಒಳಗೆ ಹೋದರು. ತಂಗಿ, "ಅಣ್ಣ ಕಣ್ಣಾರೆ ನೋಡ್ಕೊಂಡು ಬಂದವ್ನೆ, ಇನ್ನೇನು" ಎಂದಳು. ಕೊಯಮತ್ತೂರಿನ ಸಂದರ್ಶನದ ದಿನ ಅವಳು ಹಿತ್ತಲಲ್ಲಿ ಕೂತು ಕಡಲೆಕಾಯಿ ಬಿಡಿಸಿದಳು. ನಾನು ಕಾರ್ಖಾನೆಗೆ ಹೋಗಿ ಅವಳು ಹೇಳಿಕೊಟ್ಟ ಕಾಗದವನ್ನು ಟೈಪ್ ಮಾಡಿದೆ.

ಮುಂದಿನ ವಾರ ಬೆಂಗಳೂರಿಗೆ ಅವಳನ್ನು ಕರೆದುಕೊಂಡು ಹೋದೆ. ಆ ಅರ್ಜಿಯನ್ನು ತುಂಬಿಸಿದವನೂ ನಾನೇ. ಅದರಲ್ಲಿ ಯಾವ ರಾಜ್ಯದವರು ಎಂದು ಕೇಳುವ ಕಡೆ, ನಮ್ಮಲ್ಲಿ ಅನೇಕರು ಕಾಗದದ ಮೇಲೆ ವಿಳಾಸ ಬರೆಯುವ ಹಾಗೆ, 'ಹೊಸೂರು, ಬೆಂಗಳೂರು ಮಾರ್ಗ' ಎಂದು ಬರೆದಿದ್ದೆ. ಮೋಸ ಮಾಡಬೇಕೆಂದು ಬರೆದದ್ದಲ್ಲ. ಮನೆಯಲ್ಲಿ ಕನ್ನಡ, ಮದುವೆ ಸೀರೆ ಬೆಂಗಳೂರಿನದು, ಸಿನಿಮಾ ಬೆಂಗಳೂರಿನದು, ದೊಡ್ಡ ಕಾಯಿಲೆ ಬಂದರೆ ಆಸ್ಪತ್ರೆ ಬೆಂಗಳೂರಿನದು. ಕಾಲೇಜು ಮಾತ್ರ ಬೇರೆಯಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಮೇಜಿನ ಹಿಂದಿನ ಹಿರಿಯರು ಅಂಕಪಟ್ಟಿಯನ್ನು ತಿರುಗಿಸಿ ನೋಡಿದರು. "ಇದು ತಮಿಳುನಾಡಿನ ಬೋರ್ಡಲ್ವೇನಮ್ಮ?"

ತಂಗಿ ನನ್ನ ಮುಖ ನೋಡಿದಳು. "ನಾವು ಕನ್ನಡದೋರೇ ಸಾರ್. ಅತ್ತಿಬೆಲೆ ಗೇಟ್ ದಾಟಿದ್ರೆ ನಮ್ಮೂರು" ಎಂದೆ.

"ಆ ಗೇಟಿಂದಾನೇ ತೊಂದರೆಯಪ್ಪ" ಎಂದರು ಅವರು, ಪಾಪ, ಬೇಸರದಿಂದಲೇ. "ಇಲ್ಲಿನ ಸೀಟು ಇಲ್ಲಿ ಓದಿದ ಮಕ್ಕಳಿಗೆ. ಹೊರಗಿನವರಿಗೆ ಅಂತ ಇದ್ದದ್ದು ನಾಲ್ಕು, ಅವೂ ತುಂಬಿಹೋದವು."

ವಾಪಸು ಬರುವಾಗ ಅತ್ತಿಬೆಲೆಯ ತನಿಖಾ ಗೇಟಿನಲ್ಲಿ ಬಸ್ಸು ನಿಂತಿತು. ನಾವು ಹತ್ತಾರು ವರ್ಷಗಳಿಂದ ದಾಟುತ್ತಲೇ ಇದ್ದ ಒಂದು ಉದ್ದನೆಯ ಗಳು, ಅಷ್ಟೆ. ತಂಗಿ ಕಿಟಕಿಯಿಂದ ಅದನ್ನೇ ನೋಡುತ್ತಾ, "ಇದು ಇಷ್ಟು ದೊಡ್ಡದು ಅಂತ ಗೊತ್ತಿರ್ಲಿಲ್ಲ ಕಣಣ್ಣ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಎರಡು ಬಾಗಿಲುಗಳಲ್ಲಿ ಒಂದನ್ನು ನಾನು ಬೇಕೆಂದೇ ಮುಚ್ಚಿದ್ದೆ, ಇನ್ನೊಂದನ್ನು ದಡ್ಡತನದಿಂದ.

ಕೊಯಮತ್ತೂರಿನ ಕಾರ್ಡನ್ನು ತೆಗೆದು ಮತ್ತೆ ಮತ್ತೆ ಓದಿದೆ. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಬಾರದೆ ಉಳಿದವರ ಜಾಗಗಳಿಗೆ ಇನ್ನೊಂದು ದಿನ ಕರೆಯುತ್ತೇವೆ, ಅದೇ ಕೊನೆಯ ದಿನ ಎಂದಿತ್ತು. ಆ ದಿನಕ್ಕೆ ಎರಡೇ ದಿನ ಬಾಕಿ. ಅಪ್ಪನ ಮುಂದೆ ಹೋಗಿ, "ಕೊಯಮತ್ತೂರಿಗೇ ಒಂದ್ಸಲ ಪ್ರಯತ್ನ ಮಾಡಣ" ಎಂದೆ.

"ಉಪ್ಪು ನೀರು?" ಎಂದರು ಅಪ್ಪ.

"ಕುದಿಸಿ ಕುಡಿದ್ರೆ ಆಯ್ತು" ಎಂದೆ.

ಬಾಗಿಲಲ್ಲಿ ನಿಂತಿದ್ದ ಮಾವ, "ಉಪ್ಪು ನೀರು ಕುದಿಸಿದ್ರೆ ಇನ್ನೂ ಉಪ್ಪಾಯ್ತದೆ ಕಣ್ಲಾ. ಇಂಜಿನಿಯರಮ್ಮನ ಜೊತೆ ನಿನ್ನೂ ಸೇರಿಸ್ಬೇಕು ಕಾಲೇಜಿಗೆ" ಎಂದ.

ಹಿಂದಿನ ದಿನವೇ ಹೊರಟು, ಅಲ್ಲಿ ಮಾವನ ಆ ತರಕಾರಿ ವ್ಯಾಪಾರಿಯ ಮನೆಯಲ್ಲಿ ಉಳಿದುಕೊಂಡು, ಬೆಳಿಗ್ಗೆ ಕಾಲೇಜಿಗೆ ಹೋದೆವು. ನಮ್ಮಂತೆಯೇ ಕೊನೆಯ ದಿನಕ್ಕೆ ಕಾದವರು ಇಪ್ಪತ್ತು ಜನವಾದರೂ ಇದ್ದರು. ವರಾಂಡದಲ್ಲಿ ಒಂದು ಮಣ್ಣಿನ ಹೂಜಿ, ಮೇಲೊಂದು ಲೋಟ. ತಂಗಿ ಹೋಗಿ ನೀರು ಬಗ್ಗಿಸಿಕೊಂಡು ಕುಡಿದಳು. ಲೋಟ ಕೆಳಗಿಟ್ಟಳು. ಮತ್ತೆ ಬಗ್ಗಿಸಿಕೊಂಡು ಇನ್ನರ್ಧ ಲೋಟ ನಿಧಾನವಾಗಿ ಕುಡಿದಳು. ಅಷ್ಟರಲ್ಲಿ ನಾಲ್ಕು ಹುಡುಗಿಯರು ಮಣ್ಣು ಮೆತ್ತಿದ ಕೈಗಳಲ್ಲಿ ಯಾವುದೋ ಯಂತ್ರದ ಹಲ್ಲುಚಕ್ರ ಹೊತ್ತುಕೊಂಡು ನಗುತ್ತಾ ನಮ್ಮ ಮುಂದೆಯೇ ಹಾದುಹೋದರು.

ಅವಳು ಬಂದು ನನ್ನ ಪಕ್ಕ ಕೂತಳು. ಕೈಯಿಂದ ಬಾಯಿ ಒರೆಸಿಕೊಂಡಳು. ಆಮೇಲೆ, "ಕಾಗದದ ಉತ್ತರ ಯಾರು ಬರ್ದುಕೊಡ್ತಾರೆ ಅಂತ ತಾನೆ?" ಎಂದಳು.

ಹೌದು ಎಂದೆ.

"ಬಾಯಿಬಿಟ್ಟು ಕೇಳಿದ್ರೆ ಅಂಚೆಯಲ್ಲೇ ಬರ್ದು ಕಳಿಸ್ತಿದ್ನಲ್ಲೋ, ಪೆದ್ದ" ಎಂದಳು. ಅಣ್ಣನನ್ನು ಅವಳು ಪೆದ್ದ ಎಂದದ್ದು ಅದೇ ಮೊದಲು. ಕೊನೆಯಂತೂ ಅಲ್ಲ.

ಅವಳ ಸರದಿ ಬಂದದ್ದು ಮಧ್ಯಾಹ್ನ ಮೂರಕ್ಕೆ, ಎಲ್ಲರಿಗಿಂತ ಕೊನೆಗೆ. ಅಷ್ಟು ಹೊತ್ತಿಗೆ ಉಳಿದಿದ್ದದ್ದು ಒಂದೇ ಜಾಗ, ಅದೂ ಯಾರೋ ವೈದ್ಯಕೀಯಕ್ಕೆ ಹೋದದ್ದರಿಂದ ಖಾಲಿಯಾದದ್ದು. ಬಾಗಿಲ ಸಂದಿಯಿಂದ ಅವಳ ಮಾತು ಕೇಳುತ್ತಿತ್ತು. ಈ ಓದು ಯಾಕೆ ಬೇಕು ಎಂದು ಕೇಳಿದರು. ಅವಳು ತಮಿಳಿನಲ್ಲಿ ಆರಂಭಿಸಿ, ನಡುವೆ ಇಂಗ್ಲಿಷಿಗೆ ಹಾರಿ, ಉದ್ವೇಗದಲ್ಲಿ ಎರಡು ವಾಕ್ಯ ಕನ್ನಡದಲ್ಲೂ ಆಡಿ, ಮಾವನ ಪಂಪಿನ ಕಥೆಯನ್ನೆಲ್ಲ ಹೇಳಿದಳು. ಚರ್ಮದ ಬಿಲ್ಲೆ ಹರಿದದ್ದನ್ನು ಹೇಳುವಾಗ ಒಳಗಿದ್ದವರೆಲ್ಲ ನಕ್ಕರು. ನಾನು ಹೊರಗೆ ಕಂಬಕ್ಕೆ ಹಣೆ ಒತ್ತಿಕೊಂಡು ನಿಂತಿದ್ದೆ. ಆ ಜಾಗ ಸಿಗದಿದ್ದರೆ ಎಲ್ಲವನ್ನೂ ಅಪ್ಪನಿಗೆ ಹೇಳಿಬಿಡುತ್ತೇನೆ ಎಂದು ದೇವರಿಗೆ ಮಾತು ಕೊಟ್ಟೆ. ಜಾಗ ಸಿಕ್ಕಿತು. ಸಿಕ್ಕಿದ್ದರಿಂದ ಹೇಳದೆ ಉಳಿದೆ. ನನ್ನ ತಪ್ಪುಗಳ ಪಟ್ಟಿಯಲ್ಲಿ ಇದೂ ಒಂದು.

ಹಾಸ್ಟೆಲ್‌ನಲ್ಲಿ ಕೋಣೆಗಳೆಲ್ಲ ಮುಗಿದಿದ್ದವು. ಮೊದಲ ದಿನವೇ ಬಂದಿದ್ದರೆ ಕಿಟಕಿ ಇರುವ ಕೋಣೆ ಇತ್ತು ಎಂದು ಆ ವಾರ್ಡನ್ನೇ ಹೇಳಿದರು. ನನ್ನನ್ನು ಗುರುತು ಹಿಡಿದು, "ತಂಬಿ, ಅವತ್ತೇ ನೋಡಿಕೊಂಡು ಹೋಗಿ ಇಷ್ಟು ತಡವಾಗಿ ಬಂದೆಯಲ್ಲಪ್ಪ" ಎಂದು ತಮಿಳಿನಲ್ಲಿ ಕೇಳಿದಾಗ ನಾನು ಬಗ್ಗಿ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಂಡೆ. ತಂಗಿ ಮೊದಲ ಆರು ತಿಂಗಳನ್ನು ದಿನಸಿ ಇಡುವ ಕೋಣೆಯಲ್ಲಿ, ಅಕ್ಕಿ ಮೂಟೆಗಳ ನಡುವೆ ಚಾಪೆ ಹಾಸಿಕೊಂಡು ಕಳೆದಳು. ಇಲಿಗಳಿಗೆಲ್ಲ ಇಂಜಿನಿಯರಿಂಗ್ ಕಲಿಸಿದೆ ಎಂದು ಇವತ್ತಿಗೂ ಹೇಳಿ ಎಲ್ಲರನ್ನೂ ನಗಿಸುತ್ತಾಳೆ. ಆಗ ಎಲ್ಲರ ಜೊತೆ ನಗುವುದು ನನಗೆ ಸಾಧ್ಯವಾಗುವುದಿಲ್ಲ.

ಹೊರಡುವಾಗ ಗೇಟಿನ ಬಳಿ ಅವಳು ಒಂದು ಷರತ್ತು ಹಾಕಿದಳು. "ಅಪ್ಪಂಗೆ ನಾನೇನೂ ಹೇಳಲ್ಲ. ಆದ್ರೆ ಇನ್ಮೇಲೆ ನಿನ್ನ ಆಫೀಸ್ ಕಾಗದ ನೀನೇ ಬರೀಬೇಕು. ವಾರಕ್ಕೊಂದು ಕಾಗದ ನನಗೆ ಇಂಗ್ಲಿಷಲ್ಲಿ ಬರಿ, ತಿದ್ದಿ ಕಳಿಸ್ತೀನಿ."

ಮೊದಲ ಸೋಮವಾರ ನಾನೇ ಬರೆದ ಕಾಗದವನ್ನು ಮ್ಯಾನೇಜರ್ ಎರಡು ಸಲ ಓದಿದರು.

"ಏನ್ರೀ, ನಿಮ್ಮ ಇಂಗ್ಲಿಷಿಗೆ ಜ್ವರ ಬಂದಿದೆಯಾ?"

ತಡೆಯಲಾರದೆ ನಿಜ ಹೇಳಿಬಿಟ್ಟೆ. ಇವತ್ತೇ ಮನೆಗೆ ಕಳಿಸುತ್ತಾರೆ ಎಂದು ಟೈಪ್‌ರೈಟರ್‌ಗೆ ಮುಸುಕು ಹಾಕಿಯೇ ಬಂದಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀವು ಬೆಳಿಗ್ಗೆ ಮನೆಯಿಂದ ತರೋ ಉತ್ತರ ಬರೆದವರು ಒಬ್ಬರು, ಮಧ್ಯಾಹ್ನ ಅವಸರಕ್ಕೆ ಇಲ್ಲೇ ಕೂತು ಬರೆಯೋರು ಇನ್ನೊಬ್ಬರು ಅಂತ ಈ ಆಫೀಸಲ್ಲಿ ಯಾರಿಗ್ರೀ ಗೊತ್ತಿರಲಿಲ್ಲ? ನಿಮ್ಮನ್ನ ಇಟ್ಕೊಂಡಿರೋದು ಟೈಪಿಂಗಿಗೆ. ಹೋಗಿ, ಇದನ್ನ ನಾನು ತಿದ್ತೀನಿ, ನೀಟಾಗಿ ಹೊಡ್ಕೊಂಡು ಬನ್ನಿ."

ಅಲ್ಲಿಗೆ ಮುಗಿಯಿತು. ಯಾವ ಭಯಕ್ಕಾಗಿ ನಾನು ತಂಗಿಯ ಓದನ್ನು ಕೆಡಿಸಲು ಹೊರಟಿದ್ದೆನೋ ಆ ಭಯಕ್ಕೆ ಬುಡವೇ ಇರಲಿಲ್ಲ.

ನಾಲ್ಕು ವರ್ಷ ವಾರಕ್ಕೊಂದು ಕಾಗದ ಬರೆದೆ. ಪ್ರತಿಯೊಂದೂ ಕೆಂಪು ಶಾಯಿಯಲ್ಲಿ ಮಿಂದು ವಾಪಸು ಬರುತ್ತಿತ್ತು; ತಿದ್ದಿದ್ದನ್ನು ಶುದ್ಧಪ್ರತಿ ಮಾಡಿ ಮುಂದಿನ ಕಾಗದದ ಜೊತೆ ಅವಳಿಗೇ ಕಳಿಸಬೇಕಿತ್ತು. ಅಮ್ಮನ ಮಂಡಿನೋವು, ಮಾವನ ಬದನೆ ಗಿಡದ ಹುಳ, ಡೆಂಕಣಿಕೋಟೆಯ ಕಡೆ ರಾಗಿ ಹೊಲಕ್ಕೆ ಆನೆ ಬಿದ್ದದ್ದು, ಎಲ್ಲವೂ ನನ್ನ ಇಂಗ್ಲಿಷಿನಲ್ಲಿ ಕೈಕಾಲು ಮುರಿದುಕೊಂಡು ಹೋಗಿ ಅವಳಿಂದ ಪಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದವು. ಮೂರನೆಯ ವರ್ಷ ಒಂದು ಕಾಗದ ಒಂದೂ ಕೆಂಪು ಗೆರೆಯಿಲ್ಲದೆ ಬಂತು. ಅದನ್ನು ಅಪ್ಪನಿಗೆ ತೋರಿಸಿದೆ. ಅವರು ಏನೂ ಕೇಳದೆ ನನ್ನ ಬೆನ್ನು ತಟ್ಟಿದರು.

ತಂಗಿ ಓದು ಮುಗಿಸಿ ಪಂಪು ತಯಾರಿಸುವ ಕಡೆ ಕೆಲಸಕ್ಕೆ ಸೇರಿದಳು. ರಜೆಗೆ ಬಂದಾಗಲೆಲ್ಲ ಮಾವ ಅವಳನ್ನು ನೇರ ಬಾವಿಗೇ ಕರೆದುಕೊಂಡು ಹೋಗುತ್ತಿದ್ದ. ಅಪ್ಪ ಬಂದವರಿಗೆಲ್ಲ, "ಕಾಲೇಜು ನೋಡ್ಕೊಂಡು ಬಂದವನು ನನ್ನ ಮಗ" ಎನ್ನುತ್ತಿದ್ದರು. ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಅಪ್ಪ ತೀರಿಕೊಂಡು ಹದಿನೈದು ದಿನವಾದ ಮೇಲೆ ತಂಗಿ ಒಂದು ಮಾತು ಹೇಳಿದಳು. ನಾನು ಅವತ್ತು ಜಗಲಿಯಲ್ಲಿ ಹೇಳಿದ್ದು ಸುಳ್ಳು ಎಂದು ಅಪ್ಪನಿಗೆ ಆಗಲೇ ಗೊತ್ತಿತ್ತಂತೆ. ಮದುವೆಗೆ ಮುಂಚೆ ಅವರು ಕೊಯಮತ್ತೂರಿನಲ್ಲಿ ಒಂದು ತಿಂಗಳು ತರಬೇತಿಗೆ ಇದ್ದವರು. ಆ ನೀರು ಕುಡಿದವರು. ಅವಳನ್ನು ಹಾಸ್ಟೆಲ್‌ನಲ್ಲಿ ನೋಡಲು ಮೊದಲ ಸಲ ಹೋದಾಗ ಹೀಗೆ ಹೇಳಿದ್ದರಂತೆ: "ನಿಮ್ಮಣ್ಣಂಗೆ ನಿನ್ನ ಬಿಟ್ಟಿರಕ್ಕೆ ಆಗಲ್ಲ ಕಣಮ್ಮ. ಬಾಯಿಬಿಟ್ಟು ಹೇಳಕ್ಕೆ ನಾಚಿಕೆ, ಅದಕ್ಕೇ ನೀರಿನ ಮೇಲೆ ಹಾಕ್ದ. ಅವನನ್ನ ಏನೂ ಕೇಳ್ಬೇಡ."

"ನೀನೇನಂದೆ?" ಎಂದೆ.

"ಹೂಂ ಅಂದೆ."

ಅಪ್ಪ ನನ್ನನ್ನು ಬೈದಿದ್ದರೆ ಅದನ್ನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಅವರು ನನ್ನ ಸುಳ್ಳಿನ ಹಿಂದೆ ಪ್ರೀತಿಯನ್ನು ಕಂಡು, ಅದಕ್ಕಾಗಿ ಸುಮ್ಮನಿದ್ದರು. ಮಗಳನ್ನು ಹತ್ತಿರದ ಕಾಲೇಜಿಗೆ ಹಾಕೋಣ ಎಂದದ್ದು ಕೂಡ ನನಗೋಸ್ಕರ. ಅಲ್ಲಿ ಪ್ರೀತಿ ಇರಲಿಲ್ಲ. ಚೀಲದಲ್ಲಿ ಮೂರು ಕಾಗದ ಇದ್ದವು. ಇದನ್ನು ಅವರಿಗೆ ಹೇಳಬೇಕಿತ್ತು.

ಇಷ್ಟನ್ನು ಬರೆದು ಹಳೆಯ ಅಭ್ಯಾಸದಂತೆ ತಂಗಿಗೆ ಕಳಿಸಿದೆ. ಈಗ ಅವಳೂ ನಿವೃತ್ತಳಾಗಿ ಕೊಯಮತ್ತೂರಿನಲ್ಲೇ ಇದ್ದಾಳೆ. ಕಳೆದ ವಾರ ಹಾಳೆಗಳು ವಾಪಸು ಬಂದವು. ಕೆಂಪು ಶಾಯಿ ಎರಡೇ ಕಡೆ. ಅಕ್ಕಿ ಮೂಟೆಗಳ ಕೋಣೆಯಲ್ಲಿದ್ದದ್ದು ಆರು ತಿಂಗಳಲ್ಲ, ಎಂಟು ಎಂದು ತಿದ್ದಿದ್ದಾಳೆ. ನಾನು ಅದನ್ನು ಮೇಲೆ ತಿದ್ದಿಲ್ಲ, ಅವಳ ಕೈಯ ತಿದ್ದುಪಡಿಯಾಗಿಯೇ ಇಲ್ಲಿ ಇರಲಿ. ಇನ್ನೊಂದು, 'ಅಲ್ಲಿ ಪ್ರೀತಿ ಇರಲಿಲ್ಲ' ಎಂದು ಬರೆದ ಕಡೆ. ಆ ಸಾಲಿನ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ ಬರೆದಿದ್ದಾಳೆ: "ವಾರಕ್ಕೊಂದರಂತೆ ನಾಲ್ಕು ವರ್ಷದ ಕಾಗದ ನನ್ನ ಹತ್ತಿರ ಇವೆ. ಬಂದು ಎಣಿಸು. ನೀರೂ ಕುಡಿದುಕೊಂಡು ಹೋಗು."

ಬರುವ ಸೋಮವಾರದ ಬಸ್ಸಿಗೆ ಟಿಕೆಟ್ಟು ತೆಗೆಸಿದ್ದೇನೆ.